ಲಿಥುವೇನಿಯಾದ ‘ದ್ವಾರಸ್’ ನೋಡುವುದು ಹೇಗೆ?

ಹಳ್ಳಿಯ ಜಮೀನುದಾರರ ಮನೆ, ತೋಟ, ಕೊಳ, ಕಣಜ, ಲಾಯ ಎಲ್ಲವೂ ಸೇರಿದರೆ ಲಿಥುವೇನಿಯನ್ನರ ಬಾಯಲ್ಲಿ ‘ದ್ವಾರಸ್’. ನಮ್ಮ ‘ದ್ವಾರ’ಕ್ಕೂ ಅದಕ್ಕೂ ಬೇರು ಒಂದೇ. ಆದರೂ ನೋಡಲು ಹೋದವರು ಮುಂಬಾಗಿಲಿನ ಕಂಬಗಳಿಗೆ ಮರುಳಾಗಬೇಡಿ. ಎಷ್ಟೋ ಕಡೆ ಇಡೀ ಮನೆಯಲ್ಲಿ ತೀರಾ ಈಚಿನದು ಆ ಮುಂಭಾಗವೇ. ಈಶಾನ್ಯ ಲಿಥುವೇನಿಯಾದ ರೊಕಿಷ್ಕಿಸ್ ಊರಿನ ಮನೆ 1801ರದು. ಈಗ ಕಾಣುವ, ಅಲಂಕಾರ ತುಂಬಿದ ಬರೋಕ್ ಶೈಲಿಯ ಮುಖ 1905ರ ಮಾರ್ಪಾಡು.

ಮೊದಲು ದೂರ ನಿಂತು ನೇರ ಗೆರೆ ಹುಡುಕಿ. ರೊಕಿಷ್ಕಿಸ್‌ನಲ್ಲಿ ಮನೆಯಿಂದ ಊರಿನ ಚೌಕ ದಾಟಿ ಚರ್ಚ್‌ವರೆಗೆ ಒಂದೇ ಗೆರೆ. ಆಮೇಲೆ ಹಿತ್ತಿಲಿಗೆ ಹೋಗಿ. ಅಲ್ಲಿ ಮಣ್ಣು ಹೊದ್ದ ಗುಡ್ಡೆಯಂಥದ್ದು ಕಂಡರೆ ಅದು ಹಿಮದ ಕೋಣೆ ಇರಬಹುದು: ಚಳಿಗಾಲದಲ್ಲಿ ಕೊಳದಿಂದ ಕೊಯ್ದ ಮಂಜುಗಡ್ಡೆಯನ್ನು ಬೇಸಿಗೆಗೆಂದು ಕೂಡಿಡುತ್ತಿದ್ದ ಜಾಗ.

ಮರದ ಮನೆಯಾದರೆ ದಿಮ್ಮಿಗಳನ್ನು ಕಲ್ಲಿನ ಅಡಿಪಾಯದ ಮೇಲೆ ಪೇರಿಸಿ, ಹೊರಗೆ ಹಲಗೆ ಹೊಡೆದಿರುತ್ತಾರೆ. ಪರೀಕ್ಷೆ ಮಾಡಬೇಕಾದದ್ದು ಎಲ್ಲಕ್ಕಿಂತ ಕೆಳಗಿನ ದಿಮ್ಮಿಯನ್ನು. ಮಾಲೀಕರ ಒಪ್ಪಿಗೆ ಪಡೆದು ಸ್ಕ್ರೂಡ್ರೈವರ್ ಒತ್ತಿ ನೋಡಿ. ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಮರ ಕೊಳೆತಿದೆ. ಎಲೆಗೊಬ್ಬರ ವರ್ಷವರ್ಷವೂ ಏರಿ ಅಡಿಪಾಯದ ಕಲ್ಲನ್ನು ಮುಚ್ಚುತ್ತದೆ, ದಿಮ್ಮಿಗೆ ಹಸಿಮಣ್ಣು ತಾಗುತ್ತದೆ. ದಿಮ್ಮಿ ಬದಲಿಸುವ ಮೊದಲು ಆ ಮಣ್ಣು ತೆಗೆಸಿ, ಕಲ್ಲು ಕನಿಷ್ಠ 30 ಸೆಂ.ಮೀ. ಹೊರಗೆ ಕಾಣುವಂತೆ ಮಾಡಿ. ಇಲ್ಲವಾದರೆ ಹೊಸ ದಿಮ್ಮಿಯೂ ಕೊಳೆಯುತ್ತದೆ.

ಇಟ್ಟಿಗೆ ಮನೆಗೆ ಶತ್ರು ಸಿಮೆಂಟು. ಹಳೆಯ ಸುಣ್ಣದ ಗೋಡೆಗೆ ಸಿಮೆಂಟ್ ಗಾರೆ ಬಳಿದರೆ ತೇವ ಒಳಗೇ ಉಳಿದು, ಚಳಿಗೆ ಹೆಪ್ಪುಗಟ್ಟಿ, ಇಟ್ಟಿಗೆಯ ಮುಖವೇ ಕಳಚಿ ಬೀಳುತ್ತದೆ. ಆ ಸಿಮೆಂಟನ್ನು ಕೆತ್ತಿ ತೆಗೆದು, ಗೋಡೆ ಒಣಗಲು ಬಿಟ್ಟು, ಒಂದು ಪಾಲು ಅರಳಿದ ಸುಣ್ಣಕ್ಕೆ ಮೂರು ಪಾಲು ಮರಳು ಕಲಸಿ, ಪದರಕ್ಕೆ ಒಂದು ಸೆಂ.ಮೀ.ನಷ್ಟೇ ಬಳಿಯಿರಿ. ಬಳಿಯುವ ಮುನ್ನ ಒಣಗಿದ ಗೋಡೆಯ ಮೇಲ್ಮೈಯನ್ನಷ್ಟೇ ಒದ್ದೆ ಮಾಡಿ. ಸೆಪ್ಟೆಂಬರ್ ದಾಟಿದರೆ ಕೆಲಸ ಮುಂದಕ್ಕೆ ಹಾಕಿ. ಸುಣ್ಣ ಗಟ್ಟಿಯಾಗಲು ವಾರಗಳೇ ಬೇಕು, ಅಷ್ಟರಲ್ಲಿ ಚಳಿಗೆ ಹೆಪ್ಪುಗಟ್ಟಿದರೆ ಗಾರೆ ಪುಡಿಯಾಗುತ್ತದೆ.

ಒಳಗೆ ಹೋದ ಮೇಲೆ ಕತ್ತೆತ್ತಿ ನೋಡಿ, ಆಮೇಲೆ ಎದ್ದ ಗೋಡೆಗಳ ಗುಟ್ಟು ಚಾವಣಿಯಲ್ಲೇ ಇರುತ್ತದೆ. 1922ರ ಭೂಸುಧಾರಣೆ ಜಮೀನುದಾರರಿಗೆ 80 ಹೆಕ್ಟೇರ್ ಮಾತ್ರ ಬಿಟ್ಟಿತು. 1940ರಲ್ಲಿ ಸೋವಿಯತ್ ಆಡಳಿತ ಎಲ್ಲವನ್ನೂ ರಾಷ್ಟ್ರೀಕರಿಸಿತು. ಎಷ್ಟೋ ಮನೆಗಳು ಶಾಲೆ, ಕಚೇರಿ, ವಸತಿಗೃಹಗಳಾದವು, ಹಾಲ್‌ಗಳ ನಡುವೆ ಗೋಡೆಗಳೆದ್ದವು. ಚಾವಣಿಯಂಚಿನ ಗಾರೆಯ ಬಳ್ಳಿ ಗೋಡೆಯೊಂದಕ್ಕೆ ತಾಗಿ ಅರ್ಧ ಎಲೆಯಲ್ಲೇ ತುಂಡಾಗಿ, ಪಕ್ಕದ ಕೋಣೆಯಲ್ಲಿ ಉಳಿದರ್ಧದಿಂದ ಮುಂದುವರಿದಿದ್ದರೆ, ಆ ಗೋಡೆ ಆಮೇಲೆ ಕಟ್ಟಿದ್ದು.