ಹಾರಂಗಿ ಹಿನ್ನೀರಿನಲ್ಲಿ 28 ನಾಟ್

ವಿಂಡ್‌ಸರ್ಫಿಂಗ್ ಅಂದರೆ ಹಾಯಿ ಕಟ್ಟಿದ ಬೋರ್ಡ್ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಓಡುವ ಆಟ. ಅದರಲ್ಲಿ ನನ್ನ ಅತ್ಯುತ್ತಮ ವೇಗ ಸದ್ಯಕ್ಕೆ 28 ನಾಟ್. ಅಂದರೆ ಗಂಟೆಗೆ ಸುಮಾರು 52 ಕಿಲೋಮೀಟರ್. ಇದು 10 ಸೆಕೆಂಡಿನ ಸರಾಸರಿ. 2015ರಲ್ಲಿ ನಮೀಬಿಯಾದ ಲೂಡೆರಿಟ್ಸ್‌ನಲ್ಲಿ ಫ್ರಾನ್ಸಿನ ಆಂಟ್ವಾನ್ ಆಲ್ಬೋ 500 ಮೀಟರ್ ದೂರಕ್ಕೆ 53.27 ನಾಟ್ ಸರಾಸರಿ ಕಂಡಿದ್ದರು. ಅದರ ಮುಂದೆ ನನ್ನದು ಏನೂ ಅಲ್ಲ ಬಿಡಿ. ಆದರೆ ಅಲ್ಲಿ ವೇಗಕ್ಕೆಂದೇ ತೋಡಿದ ಕಾಲುವೆ ಇದೆ. ನನಗಿರುವುದು ಕೊಡಗಿನ ಹಾರಂಗಿ ಅಣೆಕಟ್ಟೆಯ ಹಿನ್ನೀರು.

ಆಷಾಢದಲ್ಲಿ ಮಡಿಕೇರಿ ಕಡೆ ಜಡಿಮಳೆ. ಕುಶಾಲನಗರದತ್ತ ಇಳಿದರೆ ಮಳೆ ತೆಳುವಾಗುತ್ತದೆ, ಗಾಳಿ ಮಾತ್ರ ಉಳಿಯುತ್ತದೆ. ನಮಗೆ ಬೇಕಾದ್ದೂ ಅದೇ ಅಲ್ವಾ! ಹೊರಡುವ ಮುಂಚೆ ನಾನು ತೋಟದ ಸಿಲ್ವರ್ ಓಕ್ ನೋಡುತ್ತೇನೆ. ಎಲೆಗಳು ಮಗುಚಿ ಮರವೆಲ್ಲ ಬೆಳ್ಳಗೆ ಕಂಡರೆ ಜೀಪಿಗೆ ಬೋರ್ಡ್ ಕಟ್ಟಬಹುದು.

ಗಾಳಿ ಜಾಸ್ತಿಯಾದಷ್ಟೂ ವೇಗ ಜಾಸ್ತಿ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಅರ್ಧ ನಿಜ. ಗಾಳಿ 20ರಿಂದ 25 ನಾಟ್‌ಗೆ ಏರಿದರೆ ಹಾಯಿಯ ಮೇಲಿನ ಬಲ ಒಂದೂವರೆ ಪಟ್ಟಿಗೂ ಮೀರುತ್ತದೆ. ಜೊತೆಗೆ ಅಲೆಯೂ ಏಳುತ್ತದೆ. ಅಲೆಯ ಮೇಲೆ ಬೋರ್ಡ್ ಕುಪ್ಪಳಿಸಿದರೆ ಅದರ ಅಡಿಯಲ್ಲಿ ಹಿಂದಿರುವ ರೆಕ್ಕೆ, ಅಂದರೆ ಫಿನ್, ನೀರಿನ ಹಿಡಿತ ಬಿಡುತ್ತದೆ, ಹಿಂಭಾಗ ಪಕ್ಕಕ್ಕೆ ಜಾರುತ್ತದೆ, ಬಂದ ವೇಗವೆಲ್ಲ ಹೋಗುತ್ತದೆ. ಹಾಗಾಗಿ ನಾನು ಹುಡುಕುವುದು ಜೋರು ಗಾಳಿಯಲ್ಲೂ ಮಟ್ಟಸವಾಗಿರುವ ನೀರನ್ನು.

ಅದು ಸಿಗುವುದು ಗಾಳಿ ಬರುವ ಕಡೆಯ ದಡದ ಪಕ್ಕದಲ್ಲೇ. ಅಲ್ಲಿ ಅಲೆ ಬೆಳೆಯಲು ಜಾಗವೇ ಇರುವುದಿಲ್ಲ. ಆದರೆ ಆ ದಡದಲ್ಲಿ ಮರಗಳಿರಬಾರದು. ಮರ ದಾಟಿ ಬಂದ ಗಾಳಿ ಚೂರುಚೂರಾಗಿರುತ್ತದೆ. ನಾನು ಆರಿಸಿಕೊಂಡಿದ್ದು ನೀರಿನೊಳಗೆ ಚಾಚಿಕೊಂಡ, ಬರೀ ಹುಲ್ಲಿರುವ ತಗ್ಗು ದಿಣ್ಣೆ. ಅದು ಗಾಳಿಗೆ ಓರೆಯಾಗಿದೆ. 28 ನಾಟ್‌ನಲ್ಲಿ 10 ಸೆಕೆಂಡಿಗೆ ಸುಮಾರು 144 ಮೀಟರ್ ಹೋಗುತ್ತೇವೆ. ಅಷ್ಟು ಉದ್ದ ನಯವಾದ ನೀರು, ಹಿಂದೆ ವೇಗ ಕೂಡಿಸಲು ಸ್ವಲ್ಪ ಜಾಗ ಇದ್ದರೆ ಸಾಕು. ಅಣೆಕಟ್ಟೆಯ ಪೂರ್ಣ ಮಟ್ಟ 2859 ಅಡಿ. ಪತ್ರಿಕೆಯಲ್ಲಿ ಬರುವ ಆ ದಿನದ ಮಟ್ಟ ನೋಡಿದರೆ ದಿಣ್ಣೆ ಮೇಲಿದೆಯೋ ಮುಳುಗಿದೆಯೋ ಅಂದಾಜಾಗುತ್ತದೆ. ನೀರು ತೀರಾ ಇಳಿದಾಗ ಹೋಗುವುದಿಲ್ಲ. ನೀರಿನಡಿಯ ಹಳೇ ಮರದ ಬೊಡ್ಡೆಗೆ ಫಿನ್ ಬಡಿದರೆ ನಾನು ಹಾಯಿಯ ಮೇಲಿಂದ ಹಾರಿ ಬೀಳುತ್ತೇನೆ.

ಇನ್ನೊಂದು ವಿಷಯ, ಕರಾವಳಿಯಿಂದ ಬರುವ ಗೆಳೆಯರು ನಂಬುವುದೇ ಇಲ್ಲ. ಈ ಎತ್ತರದಲ್ಲಿ ಗಾಳಿ ತೆಳು, ಸಮುದ್ರಮಟ್ಟಕ್ಕಿಂತ ಸುಮಾರು ಶೇ 8ರಷ್ಟು ಕಡಿಮೆ ಸಾಂದ್ರ. ಮಲ್ಪೆಯಲ್ಲಿ 5.5 ಚದರ ಮೀಟರ್ ಹಾಯಿ ಸಾಕಾಗುವ ಗಾಳಿಗೆ ಇಲ್ಲಿ 6 ಹಾಕುತ್ತೇನೆ. ಹಾಯಿಯನ್ನು ಕೆಳಕ್ಕೆ ಬಿಗಿಯುವ ಹಗ್ಗ, ಅಂದರೆ ಡೌನ್‌ಹಾಲ್, ಚೆನ್ನಾಗಿ ಎಳೆಯುತ್ತೇನೆ. ಆಗ ಬಿರುಸು ಗಾಳಿ ಬಡಿದಾಗ ಹಾಯಿಯ ತುದಿ ತಾನೇ ತೆರೆದು ಹೆಚ್ಚಿನ ಗಾಳಿಯನ್ನು ಬಿಟ್ಟುಬಿಡುತ್ತದೆ. ಮಾಸ್ಟ್, ಅಂದರೆ ಹಾಯಿಯ ಕಂಬದ ಬುಡವನ್ನು ಬೋರ್ಡಿನ ಮೇಲೆ ಒಂದೆರಡು ಸೆಂಟಿಮೀಟರ್ ಹಿಂದಕ್ಕೆ ಸರಿಸಿದ ಮೇಲೆ ಬೋರ್ಡ್ ಹಗುರವಾಗಿ ಓಡತೊಡಗಿತು.

ಓಟದಲ್ಲಿ ಮುಖ್ಯವಾದದ್ದು ಕಾಯುವುದು. ದಿಣ್ಣೆಯ ತುದಿಯಲ್ಲಿ ನಿಧಾನವಾಗಿ ತೇಲುತ್ತಾ ಹಿಂದೆ ತಿರುಗಿ ನೋಡುತ್ತೇನೆ. ಹುಲ್ಲು ಮಲಗುತ್ತದೆ, ಹಿಂದೆಯೇ ನೀರು ಕಪ್ಪಾಗುತ್ತದೆ. ಮೊದಲು ಗಾಳಿಗೆ ಅಡ್ಡಲಾಗಿ ವೇಗ ಕೂಡಿಸಿ, ಬಿರುಸು ಪೂರ್ತಿ ಮೈಮೇಲೆ ಬಂದಾಗ ಬೋರ್ಡಿನ ಮೂತಿಯನ್ನು ಗಾಳಿ ಹೋಗುವ ದಿಕ್ಕಿನತ್ತ ತಿರುಗಿಸಬೇಕು. ಗಾಳಿ ಬರುವ ದಿಕ್ಕಿನಿಂದ ಲೆಕ್ಕ ಹಾಕಿದರೆ 120ರಿಂದ 130 ಡಿಗ್ರಿ. ಆ ಕ್ಷಣ ಕೈ ಸಡಿಲಿಸಬೇಕು ಅನಿಸುತ್ತದೆ. ಸಡಿಲಿಸಬಾರದು. ಹಾಯಿಗೆ ಕೊಕ್ಕೆ ಹಾಕುವ ಸೊಂಟದ ಪಟ್ಟಿ, ಅಂದರೆ ಹಾರ್ನೆಸ್‌ಗೆ ಮೈಭಾರ ಕೊಟ್ಟು, ಮುಂಗಾಲು ನೇರ ಮಾಡಿ ಸುಮ್ನೆ ಹಿಡಿದುಕೊಳ್ಳಬೇಕು.

ಅಳತೆಗೆ ಫೋನ್ ನಂಬಬೇಡಿ. ಅದು ತೋರಿಸುವ ಗರಿಷ್ಠ ವೇಗ ಹಲವು ಸಲ ಸುಳ್ಳು ನೆಗೆತ. ಡಾಪ್ಲರ್ ವಿಧಾನದಲ್ಲಿ, ಅಂದರೆ ಉಪಗ್ರಹ ಸಂಕೇತದ ಆವರ್ತನದ ಬದಲಾವಣೆಯಿಂದ ವೇಗ ಅಳೆಯುವ ಜಿಪಿಎಸ್ ಬೇಕು. ಅದರಲ್ಲೂ ನಾನು ಲೆಕ್ಕಕ್ಕೆ ಹಿಡಿಯುವುದು 10 ಸೆಕೆಂಡಿನ ಸರಾಸರಿ ಮಾತ್ರ.

ಅನುಮತಿ ಪಡೆದೇ ನೀರಿಗಿಳಿಯುತ್ತೇನೆ. ಲೈಫ್ ಜಾಕೆಟ್, ಹೆಲ್ಮೆಟ್, ದಡದಲ್ಲೊಬ್ಬ ಜೊತೆಗಾರ ಇರಲೇಬೇಕು. ಅಣೆಕಟ್ಟೆಯಿಂದ ನೀರು ಹೊರಬಿಡುವ ಕ್ರೆಸ್ಟ್ ಗೇಟ್ ತೆರೆಯುವ ಸೂಚನೆ ಬಂದ ದಿನ ಮನೆಯಲ್ಲೇ.

ಸೆಪ್ಟೆಂಬರ್ ಆರಂಭದ ಕೊಡವರ ಹಬ್ಬ ಕೈಲ್‌ಪೊಳ್ದ್ ಹೊತ್ತಿಗೆ ಗಾಳಿ ಇಳಿದುಬಿಡುತ್ತದೆ. ಅಷ್ಟರೊಳಗೆ ಇನ್ನೂ ಚಿಕ್ಕ ಫಿನ್ ಹಾಕಿ 30 ಮುಟ್ಟುತ್ತದೆಯೇ ನೋಡಬೇಕು.