ಮಲ್ನಾಡಲ್ಲಿ ಹೊಸ ಮನೆಗೆ ಡೌನ್‌ಲೈಟ್ ತಗೊಳೋಕೆ ಮುಂಚೆ ಇಷ್ಟು ನೋಡ್ಕೊಳಿ

ತೀರ್ಥಹಳ್ಳಿ ಹತ್ರ ನಾವು ಮನೆ ಕಟ್ಟಿಸ್ದಾಗ ಲೈಟಿನ ವಿಚಾರಕ್ಕೆ ನಾನು ತಲೆ ಹಾಕಿದ್ದೇ ಪೇಂಟೆಲ್ಲ ಮುಗಿದ್ಮೇಲೆ. ಅಷ್ಟೊತ್ತಿಗೆ ಕೆಲಸ ಕೆಟ್ಟಾಗಿತ್ತು. ಫಾಲ್ಸ್ ಸೀಲಿಂಗ್ ಮಾಡಿಸಲ್ಲ ಅಂತಾದ್ರೆ ಡೌನ್‌ಲೈಟ್, ಅಂದ್ರೆ ಸೀಲಿಂಗ್ ಒಳಗೇ ಕೂರೋ ಲೈಟ್, ಎಲ್ಲೆಲ್ಲಿ ಬೇಕು ಅಂತ ಸ್ಲ್ಯಾಬ್ ಹಾಕೋ ಮುಂಚೆನೇ ತೀರ್ಮಾನ ಆಗ್ಬೇಕು, ಸೆಂಟ್ರಿಂಗ್ ಮೇಲೆ ಬಾಕ್ಸ್ ಕೂರಿಸಿ ಒಳಗೆ ಪೇಪರ್ ತುಂಬಿ ಪೈಪ್ ಎಳೆದಿಟ್ರೆ ಮಾತ್ರ ಆಮೇಲೆ ಲೈಟ್ ಒಳಗೆ ಹೋಗತ್ತೆ. ಆಮೇಲೆ ಕಾಂಕ್ರೀಟ್ ಕೊರೆಯೋಕೆ ಹೋಗ್ಬೇಡಿ, ಕಂಬಿಗೆ ಪೆಟ್ಟು ಬೀಳತ್ತೆ. ಬಾಕ್ಸ್ ಬಿಟ್ಟಿಲ್ವಾ, ಹೊರಗಡೆನೇ ಕೂರೋ ಸರ್ಫೇಸ್ ಲೈಟ್ ಹಾಕಿ ಸುಮ್ನಿರಿ, ಚೆನ್ನಾಗೇ ಕಾಣತ್ತೆ.

ನಮ್ಮ ಕಡೆ ಇಳಿಜಾರು ಸ್ಲ್ಯಾಬ್ ಜಾಸ್ತಿ ಅಲ್ವಾ, ಅದ್ರಲ್ಲಿ ಮಾಮೂಲಿ ಡೌನ್‌ಲೈಟ್ ಹಾಕಿದ್ರೆ ಬೆಳಕು ನೆಲಕ್ಕೆ ಬೀಳೋ ಬದ್ಲು ಎದುರು ಕೂತೋರ ಕಣ್ಣಿಗೆ ಹೊಡಿಯತ್ತೆ. ಅಲ್ಲಿಗೆ ತಿರುಗಿಸೋಕೆ ಬರೋ ಲೈಟೇ ಬೇಕು. ಹಳೇ ಥರ ಮರದ ಮುಚ್ಚಿಗೆ ಮಾಡಿಸ್ತಿದ್ರೆ ಮರ ಬೆಳಕನ್ನ ಕುಡಿದುಬಿಡತ್ತೆ, ಎರಡು ಲೈಟ್ ಜಾಸ್ತಿ ಹಿಡೀರಿ, ಮೇಲೆ ಅಟ್ಟದಲ್ಲಿ ವೈರ್ ಬರೀ ಬಿಡಬೇಡಿ, ಪೈಪಲ್ಲೇ ಹೋಗ್ಲಿ, ಇಲಿ ಕಾಟ ಗೊತ್ತಲ್ಲ.

ಅಂಗಡೀಲಿ ಮೊದ್ಲು ಕೇಳೋದೇ "ಎಷ್ಟು ವ್ಯಾಟ್ ಬೇಕು ಸಾರ್" ಅಂತ. ವ್ಯಾಟ್ ಅಂದ್ರೆ ಕರೆಂಟ್ ಎಷ್ಟು ತಿನ್ನತ್ತೆ ಅಂತ ಅಷ್ಟೇ, ಬೆಳಕೆಷ್ಟು ಅಂತ ಡಬ್ಬಿ ಮೇಲೆ ಲ್ಯೂಮೆನ್ ಅಂತ ಬರೆದಿರ್ತಾರೆ, ಅದು ನೋಡಿ. 10 ವ್ಯಾಟಿನ ಒಳ್ಳೆ ಲೈಟು 900-1000 ಲ್ಯೂಮೆನ್ ಕೊಡತ್ತೆ. 12 ಅಡಿ 14 ಅಡಿ ಹಾಲಿಗೆ ಅಂಥವು 4-5 ಸಾಕು, ಗೋಡೆಯಿಂದ ಎರಡು ಎರಡೂವರೆ ಅಡಿ ಬಿಟ್ಟು. ಜೊತೆಗೆ ಸಿಆರ್‌ಐ, ಅಂದ್ರೆ ಬಣ್ಣಗಳು ಎಷ್ಟು ಸರಿಯಾಗಿ ಕಾಣತ್ತೆ ಅನ್ನೋ ನಂಬರ್, 80ಕ್ಕಿಂತ ಕಮ್ಮಿ ಇದ್ರೆ ಬೇಡ, ಅಡುಗೆಮನೆಗೆ 90 ಸಿಕ್ರೆ ಬಿಡ್ಬೇಡಿ, ಇಲ್ದಿದ್ರೆ ಸಾರಿನ ಬಣ್ಣನೂ ಸಪ್ಪೆ.

ಬಣ್ಣದ ವಿಷಯದಲ್ಲಿ ನಾನು ಸರಿಯಾಗಿ ಬೇಸ್ತು ಬಿದ್ದೆ. ಎಲ್ಲಾ ರೂಮಿಗೂ 6500ಕೆ ಬಿಳಿ (ಈ ಕೆಲ್ವಿನ್ ನಂಬರ್ ಕಮ್ಮಿ ಆದಷ್ಟು ಹಳದಿ, ಜಾಸ್ತಿ ಆದಷ್ಟು ಬಿಳಿ) ತಂದು ಹಾಕ್ಸಿದೆ, ಸಂಜೆ ಹಚ್ಚಿದ್ರೆ ಅಜ್ಜಿ ಬಾಗ್ಲಲ್ಲೇ ನಿಂತು "ಎಂತದಾ ಇದು, ಮೆಡಿಕಲ್ ಶಾಪ್ ಮಾಡ್ತಿದೀಯಾ" ಅಂದ್ರು. ಕೆಂಪು ನೆಲ, ಮರದ ಬಾಗಿಲು ಇರೋ ಮನೆಗೆ 3000ಕೆ ಹಳದಿ ಚಂದ. ಆದ್ರೆ ಆಷಾಢದಲ್ಲಿ ನಮ್ಮಲ್ಲಿ ಮಧ್ಯಾಹ್ನವೂ ಲೈಟ್ ಹಾಕ್ಕೊಂಡೇ ಇರ್ಬೇಕಲ್ಲ, ಹಂಗಾಗಿ ಅಡುಗೆಮನೆ, ಮಕ್ಕಳು ಓದೋ ಜಾಗಕ್ಕೆ 4000ಕೆ ಹಾಕಿ. ಜಗಲಿಗೆ ಹಳದಿನೇ, ಬಿಳಿಗೆ ಮಳೆಹುಳ ಜಾಸ್ತಿ ಮುತ್ತತ್ತೆ. ನಮ್ಮ ಜಗಲಿ ಲೈಟ್ ಬಿಚ್ಚಿದ್ರೆ ಗಾಜಿನ ಹಿಂದೆ ಎಳ್ಳು ಸುರಿದಂಗೆ ಸತ್ತ ಹುಳ ಇತ್ತು, ಸಂದೀಲೆಲ್ಲ ನುಗ್ಗಿದ್ವು. ಹೊರಗೆ ಮತ್ತೆ ಬಚ್ಚಲಿಗೆ ಐಪಿ65 (ಧೂಳು, ನೀರು ತಡೆಯೋ ರೇಟಿಂಗ್) ಅಂತ ಬರೆದಿದ್ದೇ ತಗೊಳಿ, ಹುಳನೂ ನೀರೂ ಒಳಗೆ ಹೋಗಲ್ಲ.

ಈಗ ಗುಡುಗು-ಸಿಡಿಲಿನ ವಿಷಯ. ಏಪ್ರಿಲ್-ಮೇ ಮಳೆಗೆ ಒಂದೇ ಸಂಜೆ ನಮ್ದು 3 ಲೈಟ್ ಹೋಯ್ತು. ಬಿಚ್ಚಿ ನೋಡಿದ್ರೆ ಎಲ್‌ಇಡಿ ಏನೂ ಆಗಿಲ್ಲ, ಕರೆಂಟನ್ನ ಎಲ್‌ಇಡಿಗೆ ಹೊಂದೋ ಹಂಗೆ ಮಾಡಿಕೊಡೋ ಡ್ರೈವರ್ ಒಳಗಿನ ಕೆಪಾಸಿಟರ್ ಉಬ್ಬಿ ಸುಟ್ಟ ವಾಸ್ನೆ. ಡ್ರೈವರ್ ಬೇರೆ ಇರೋ ಲೈಟ್ ಆದ್ರೆ ಅದೊಂದೇ ಬದಲಾಯಿಸ್ಬೋದು, ಮಿಲಿ ಆಂಪ್ ಅದೇ ನಂಬರ್ ಇರ್ಬೇಕು, ಔಟ್‌ಪುಟ್ ವೋಲ್ಟೂ ಹೊಂದ್ಬೇಕು. ಲೈಟಲ್ಲೇ ಸೇರಿಸಿರೋದು ಹೋದ್ರೆ ಪೂರ್ತಿ ಎಸೀಬೇಕು. ಸರ್ಜ್ (ಇದ್ದಕ್ಕಿದ್ದಂಗೆ ನುಗ್ಗೋ ವೋಲ್ಟೇಜ್) 4 ಕೆವಿ ಅಂತ ಇರೋದು, 100ರಿಂದ 300 ವೋಲ್ಟ್ ತಡ್ಕೊಳೋದು ಹುಡುಕಿ, ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ನೋಂದಣಿಯ ಆರ್ ನಂಬರ್ ಇಲ್ದೇ ಇರೋದು ಮುಟ್ಟಬೇಡಿ. ಮೇನ್ ಬೋರ್ಡಲ್ಲಿ ಸರ್ಜ್ ತಡೆಯೋ ಎಸ್‌ಪಿಡಿ ಒಂದು ಹಾಕ್ಸಿ, ಅರ್ಥಿಂಗ್ ಸರಿ ಇರ್ಲಿ, ಇದಕ್ಕೆ ದುಡ್ಡು ಉಳಿಸ್ಬೇಡಿ.

ಮತ್ತೆ ಫ್ಯಾನ್ ರೆಕ್ಕೆ ಮೇಲೆ ಲೈಟ್ ಬರ್ದೇ ಇರೋ ಹಂಗೆ ನೋಡ್ಕೊಳಿ. ನಮ್ಮ ಬೆಡ್‌ರೂಮಲ್ಲಿ ಹಂಗಾಗಿ ಫ್ಯಾನ್ ಹಾಕಿದ್ರೆ ಗೋಡೆ ತುಂಬ ನೆರಳು ಪಟಪಟ ಅಂತ ಕುಣಿಯತ್ತೆ, ಐದು ನಿಮಿಷಕ್ಕೆ ತಲೆನೋವು. ಲೈಟೇ ಮಿಣುಕ್ತಿದ್ಯಾ ಅಂತ ಅನುಮಾನ ಇದ್ರೆ ಅಂಗಡೀಲೇ ಹಚ್ಚಿಸಿ ಮೊಬೈಲ್ ಕ್ಯಾಮರಾ ಹಿಡೀರಿ, ಕಪ್ಪು ಪಟ್ಟಿ ಓಡಾಡಿದ್ರೆ ವಾಪಸ್ ಕೊಡಿ.

ಕಟೌಟ್, ಅಂದ್ರೆ ಲೈಟ್ ಕೂರೋ ತೂತಿನ ಅಳತೆ, ಡಬ್ಬಿ ನೋಡಿ ಕೊರೆಸ್ಬೇಡಿ, ಲೈಟ್ ಕೈಗೆ ಬಂದ್ಮೇಲೆ ಅಳೆದೇ ಕೊರೆಸಿ. ತಗೊಳೋವಾಗ್ಲೇ ಅದೇ ಮಾಡೆಲ್ಲು ಎರಡು ಜಾಸ್ತಿ ತಂದಿಡಿ, ವರ್ಷ ಬಿಟ್ಟು ಹೋದ್ರೆ ಸಿಗಲ್ಲ. ನಮ್ಮ ಹಾಲಲ್ಲಿ ಈಗ ಒಂದೇ ಒಂದು ಲೈಟ್ ಉಳಿದೋವಕ್ಕಿಂತ ಹಳದಿ ಜಾಸ್ತಿ, ಬಂದೋರೆಲ್ಲ ಕಾಫಿ ಲೋಟ ಕೈಗೆ ತಗೊಳೋ ಮುಂಚೆ ಅದ್ನೇ ನೋಡ್ತಾರೆ.