ವಾಸಿಯಾಗದ ಕಾಯಿಲೆ ಬಗ್ಗೆ ಆನ್‌ಲೈನ್‌ನಲ್ಲಿ ದನಿ ಎತ್ತೋದು ಹೇಗೆ

ಪೋಸ್ಟ್ ಬರೆಯೋಕೆ ಕೂರುವ ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ಇದನ್ನು ಓದಿದವರು ಏನು ಮಾಡಬೇಕು? 'ಜಾಗೃತಿ ಮೂಡಿಸಬೇಕು' ಅನ್ನೋದು ಉತ್ತರ ಅಲ್ಲ. ಆಫೀಸಿನವರು ಮನೆಯಿಂದ ಕೆಲಸ ಮಾಡೋಕೆ ಬಿಡಬೇಕು, ವಿಮೆಯಲ್ಲಿ ಈ ಔಷಧ ಸೇರಬೇಕು, ಇದೇ ಕಾಯಿಲೆ ಇರುವ ಇನ್ನೊಬ್ಬರು ಸಿಗಬೇಕು, ಹೀಗೆ ಒಂದು ಪೋಸ್ಟಿಗೆ ಒಂದೇ ಬೇಡಿಕೆ ಇರಲಿ. ಯಾರನ್ನು ಕೇಳ್ತಿದ್ದೀರೋ ಅವರನ್ನಷ್ಟೇ ಟ್ಯಾಗ್ ಮಾಡಿ.

ಕಾಯಿಲೆಯ ಹೆಸರಿನಿಂದ ಶುರು ಮಾಡಬೇಡಿ. 'ನನಗೆ ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳು ಊದಿ ನೋಯುವ ಕಾಯಿಲೆ) ಇದೆ, ತುಂಬಾ ನೋವು' ಅಂದರೆ ಜನ ಒಂದು ಅಳುವ ಇಮೋಜಿ ಒತ್ತಿ ಮುಂದೆ ಹೋಗ್ತಾರೆ. 'ಬೆಳಗ್ಗೆ ಎದ್ದರೆ ತುಂಬಾ ಹೊತ್ತು ಬೆರಳು ಮಡಚೋಕೆ ಆಗಲ್ಲ, ಶರ್ಟಿನ ಗುಂಡಿ ಹಾಕೋಕೂ ಇನ್ನೊಬ್ಬರು ಬೇಕು, ಅದಕ್ಕೇ ಒಂಬತ್ತರ ಮೀಟಿಂಗನ್ನು ಹನ್ನೊಂದಕ್ಕೆ ಇಡಿ ಅಂತ ಕೇಳ್ತಿರೋದು' ಅಂತ ಬರೆದರೆ ಎಂಥ ಮ್ಯಾನೇಜರಿಗೂ ಅರ್ಥ ಆಗುತ್ತೆ.

ಹ್ಯಾಷ್‌ಟ್ಯಾಗ್ ಹಾಕಿದರೆ ಏನಾಗುತ್ತೆ ಅಂತ ಮೂಗು ಮುರಿಯುವವರಿದ್ದಾರೆ. ಆದರೆ ಕೋವಿಡ್ ಬಂದುಹೋದ ಮೇಲೂ ತಿಂಗಳುಗಟ್ಟಲೆ ಉಳಿಯುವ ತೊಂದರೆಗೆ 'ಲಾಂಗ್ ಕೋವಿಡ್' ಅನ್ನೋ ಹೆಸರು ಹುಟ್ಟಿದ್ದೇ ಹ್ಯಾಷ್‌ಟ್ಯಾಗ್ ಆಗಿ. 2020ರ ಮೇ ತಿಂಗಳಲ್ಲಿ ಇಟಲಿಯ ಪುರಾತತ್ವ ಸಂಶೋಧಕಿ ಎಲಿಸಾ ಪೆರೆಗೊ ತಮ್ಮದೇ ಕಾಯಿಲೆ ಬಗ್ಗೆ ಬರೆಯುತ್ತಾ ಟ್ವಿಟರ್‌ನಲ್ಲಿ ಹಾಕಿದ್ದು. ಅದೇ ತೊಂದರೆ ಇದ್ದವರೆಲ್ಲ ಆ ಹೆಸರಿನಡಿ ಸೇರಿಕೊಂಡರು, ಮುಂದಿನ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಈ ಸ್ಥಿತಿಗೆ ಅಧಿಕೃತ ವ್ಯಾಖ್ಯೆ ಕೊಟ್ಟಿತು. ಹಾಗಾಗಿ ಹೊಸ ಟ್ಯಾಗ್ ಕಟ್ಟುವ ಮುಂಚೆ ನಿಮ್ಮ ಕಾಯಿಲೆಯವರು ಈಗಾಗಲೇ ಯಾವುದನ್ನು ಬಳಸ್ತಿದ್ದಾರೆ ನೋಡಿ, ಅದನ್ನೇ ಹಾಕಿ. ವಿಡಿಯೋಗೆ ಕ್ಯಾಪ್ಷನ್, ಫೋಟೋಗೆ ವಿವರಣೆ ಮರೀಬೇಡಿ.

ಇನ್ನು ರಿಪೋರ್ಟಿನ ಫೋಟೋ. ಹಾಕದೇ ಇದ್ದರೆ ಒಳ್ಳೇದು. ಹಾಕಲೇಬೇಕು ಅಂದರೆ ಹೆಸರು, ರೋಗಿ ಸಂಖ್ಯೆ, ಹುಟ್ಟಿದ ದಿನ, ಬಾರ್‌ಕೋಡ್, ಕ್ಯೂಆರ್ ಕೋಡ್, ಡಾಕ್ಟರ್ ಸಹಿ ಯಾವುದೂ ಕಾಣಬಾರದು. ಫೋನಿನ ಹೈಲೈಟರ್‌ನಿಂದ ಕಪ್ಪು ಬಳಿದರೆ ಸಾಲದು, ಆ ಬಣ್ಣದ ಅಡಿ ಅಕ್ಷರ ಉಳಿದೇ ಇರುತ್ತೆ, ಬ್ರೈಟ್‌ನೆಸ್ ಜಾಸ್ತಿ ಮಾಡಿದರೆ ಓದೋಕೂ ಬರುತ್ತೆ. ಆ ಭಾಗ ಕ್ರಾಪ್ ಮಾಡಿಬಿಡಿ. ವಂಶದಲ್ಲಿ ಬರುವ ಕಾಯಿಲೆ ಆದರೆ ಇನ್ನೂ ಹುಷಾರು: ನಿಮ್ಮ ಜೆನೆಟಿಕ್ ಟೆಸ್ಟ್ ಫಲಿತಾಂಶ ಹಾಕಿದರೆ ಅಕ್ಕ, ತಮ್ಮ, ಮಕ್ಕಳ ಬಗ್ಗೆಯೂ ಅರ್ಧ ಗುಟ್ಟು ಬಿಟ್ಟುಕೊಟ್ಟ ಹಾಗೆ, ಅಲ್ವಾ? ಮೊದಲು ಅವರನ್ನು ಕೇಳಿ.

ಮೈ ಚೆನ್ನಾಗಿರುವ ದಿನ ನಾಲ್ಕೈದು ಪೋಸ್ಟ್ ಬರೆದು ಶೆಡ್ಯೂಲ್ ಮಾಡಿಟ್ಟುಬಿಡಿ. ಕೈ ನೋಯ್ತಿದ್ದರೆ ವಾಯ್ಸ್ ಟೈಪಿಂಗ್ ಇದೆ, ಕನ್ನಡದಲ್ಲೂ ಕೆಲಸ ಮಾಡುತ್ತೆ. ತಪ್ಪು ಅಕ್ಷರ ಬಂದರೆ ಬರಲಿ ಬಿಡಿ. ದಿನಾ ಹಾಕಲೇಬೇಕು ಅಂತ ಯಾರ ಹತ್ತಿರವೂ ಬರೆದುಕೊಟ್ಟಿಲ್ಲ.

ಕಾಮೆಂಟಿನಲ್ಲಿ 'ಈ ಪುಡಿ ತಗೊಳ್ಳಿ, ಮಾತ್ರೆ ಬಿಟ್ಟುಬಿಡಿ' ಅನ್ನುವವರು ಬಂದೇ ಬರ್ತಾರೆ. ವಾದಕ್ಕೆ ಇಳಿಯಬೇಡಿ, ಅಳಿಸಿ. ಯಾಕೆ ಅಂದರೆ ಅದನ್ನು ಓದುವವರಲ್ಲಿ ಮೊನ್ನೆ ತಾನೆ ಕಾಯಿಲೆ ಗೊತ್ತಾಗಿ ಹೆದರಿರುವವರೂ ಇರ್ತಾರೆ. ಅಂಥವರು ಮೆಸೇಜ್ ಮಾಡಿ 'ನೀವು ಎಷ್ಟು ಮಿಲಿಗ್ರಾಂ ತಗೋತೀರಿ' ಅಂತ ಕೇಳಿದರೆ ಡೋಸ್ ಹೇಳಬೇಡಿ. ಡಾಕ್ಟರ್ ಹತ್ತಿರ ಏನೇನು ಕೇಳಬೇಕು ಅನ್ನೋದನ್ನು ಹೇಳಿಕೊಡಿ. ಆ ಪ್ರಶ್ನೆಗಳನ್ನು ಬರೆದು ಪಿನ್ ಮಾಡಿಟ್ಟರೆ ಪ್ರತಿಯೊಬ್ಬರಿಗೂ ಹೊಸದಾಗಿ ಟೈಪ್ ಮಾಡೋ ಕಷ್ಟ ಇರಲ್ಲ.